ಹಿಮ್ಮಡಿ ನೋವಿಗೆ ಟೇಪ್ ಕಟ್ಟು

ಅಂಗಾಲಿನ ತಂತುಪಟ್ಟಿ ನೊಂದಾಗ ಹಿಮ್ಮಡಿಯಲ್ಲಿ ಕಾಣಿಸಿಕೊಳ್ಳುವ ನೋವನ್ನು ಕೆಲವು ದಿನಗಳ ಮಟ್ಟಿಗೆ ತಗ್ಗಿಸಲು ಪಾದಕ್ಕೆ ಅಂಟುಪಟ್ಟಿಯನ್ನು ಒಂದು ಕ್ರಮದಲ್ಲಿ ಬಿಗಿಯುವ ವಿಧಾನ. ಈ ತೊಂದರೆಗೆ ವೈದ್ಯರು ಇಟ್ಟ ಹೆಸರು ಪ್ಲಾಂಟರ್ ಫೇಸಿಯೈಟಿಸ್. ನೋವು ತಿನ್ನುವವರಿಗೆ ಅದು ಬರೀ ಹಿಮ್ಮಡಿ ನೋವು. ಬೆಳಿಗ್ಗೆ ಹಾಸಿಗೆಯಿಂದೆದ್ದು ನೆಲಕ್ಕೆ ಕಾಲೂರಿದ ಕೂಡಲೇ ಹಿಮ್ಮಡಿಯ ಒಳಬದಿ ಚುಳ್ಳೆನ್ನುತ್ತದೆ. ಗೋಡೆ ಹಿಡಿದು ನಾಲ್ಕು ಹೆಜ್ಜೆ ಕುಂಟಿದ ಮೇಲೆ ಕಾಲು ಸ್ವಲ್ಪ ಸಡಿಲವಾಗುತ್ತದೆ. ತಿಂಡಿಗೆ ಕೂತು ಎದ್ದರೆ ಮತ್ತೆ ಅದೇ ಕಥೆ. ದಿನವೆಲ್ಲ ನಿಂತು ಕೆಲಸ ಮಾಡುವವರಿಗೆ ಸಂಜೆಯ ಹೊತ್ತಿಗೆ ಚುಚ್ಚು ಹೋಗಿ ಸೆಳೆತ ಶುರುವಾಗುತ್ತದೆ.

ಹತ್ತು ಜನರಲ್ಲಿ ಒಬ್ಬರಿಗೆ ಬದುಕಿನಲ್ಲಿ ಒಮ್ಮೆಯಾದರೂ ಇದು ಬರುತ್ತದೆ ಎಂಬುದು ವೈದ್ಯಗ್ರಂಥಗಳು ಸಾಮಾನ್ಯವಾಗಿ ಕೊಡುವ ಅಂದಾಜು. 40ರಿಂದ 60ರ ವಯಸ್ಸಿನವರು, ಮೈತೂಕ ಹೆಚ್ಚಿದವರು, ದೂರ ಓಡುವವರು, ಗಟ್ಟಿ ನೆಲದ ಮೇಲೆ ಗಂಟೆಗಟ್ಟಲೆ ನಿಲ್ಲುವ ನರ್ಸುಗಳು, ಶಿಕ್ಷಕರು, ಟ್ರಾಫಿಕ್ ಪೊಲೀಸರು ಇದಕ್ಕೆ ಹೆಚ್ಚು ಸಿಕ್ಕುತ್ತಾರೆ. ಬಹುಪಾಲು ಜನರಿಗೆ ಶಸ್ತ್ರಚಿಕಿತ್ಸೆಯಿಲ್ಲದೆ ವಾಸಿಯಾಗುತ್ತದೆ. ಆದರೆ ಅದಕ್ಕೆ ಆರು ತಿಂಗಳಿಂದ ಒಂದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಹಿಡಿಯುತ್ತದೆ. ಅಷ್ಟು ದಿನ ಕೆಲಸ ಬಿಟ್ಟು ಕೂರಲಾಗದವರಿಗೆ ದಿನ ದೂಡಲು ಒಂದು ಆಸರೆ ಬೇಕು. ಟೇಪ್ ಕಟ್ಟಿನ ಸ್ಥಾನ ಅಲ್ಲಿ. ಅದು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ. ಆದರೂ ಮನೆಯೊಳಗೆ ಬರಿಗಾಲಿನಲ್ಲಿ ಓಡಾಡುವ ನಮ್ಮಂಥ ಜನಕ್ಕೆ ಅದರ ಉಪಯೋಗ ಹೊರದೇಶಗಳ ಪಠ್ಯಗಳು ಲೆಕ್ಕ ಹಾಕಿರುವುದಕ್ಕಿಂತ ಹೆಚ್ಚು.

ಅಂಗಾಲಿನ ಒಳರಚನೆ

ಹಿಮ್ಮಡಿ ಮೂಳೆಯ ತಳದ ಒಳಬದಿಯಲ್ಲಿ ಒಂದು ಸಣ್ಣ ಉಬ್ಬಿದೆ. ದಪ್ಪನೆಯ, ಬಿಳಿಯ ತಂತುಪಟ್ಟಿಯೊಂದು ಅಲ್ಲಿಂದ ಹೊರಟು ಅಂಗಾಲಿನುದ್ದಕ್ಕೂ ಹರಡಿ, ಮುಂದೆ ಐದು ಸೀಳಾಗಿ ಬೆರಳುಗಳ ಬುಡ ಸೇರುತ್ತದೆ. ಇದೇ ಪ್ಲಾಂಟರ್ ಫೇಸಿಯ. ಪಾದದ ಒಳಬದಿಯ ಕಮಾನು ಕುಸಿಯದಂತೆ ಎರಡು ತುದಿಗಳನ್ನು ಹಿಡಿದಿಡುವುದು ಇದರ ಕೆಲಸ. ಆರೋಗ್ಯವಂತರಲ್ಲಿ ಅದರ ದಪ್ಪ ಸುಮಾರು 2ರಿಂದ 4 ಮಿಲಿಮೀಟರ್. ಅಲ್ಟ್ರಾಸೌಂಡ್‌ನಲ್ಲಿ ಹಿಮ್ಮಡಿಯ ಬಳಿ 4 ಮಿಲಿಮೀಟರ್ ಮೀರಿ ಊದಿಕೊಂಡಿದ್ದರೆ ವೈದ್ಯರಿಗೆ ಅನುಮಾನ ಗಟ್ಟಿಯಾಗುತ್ತದೆ.

ಈ ಪಟ್ಟಿ ಸುಮ್ಮನೆ ಬಿಗಿದು ಕೂತ ದಾರವಲ್ಲ ಎಂದು ತೋರಿಸಿಕೊಟ್ಟವರು ಬ್ರಿಟನ್ನಿನ ಜೆ. ಎಚ್. ಹಿಕ್ಸ್. 1954ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅವರು ಪಾದದ ಚಲನೆಯನ್ನು ರಾಟೆಗೆ ಹೋಲಿಸಿದರು. ಹೆಜ್ಜೆ ಎತ್ತುವ ಕೊನೆಯ ಗಳಿಗೆಯಲ್ಲಿ ಹಿಮ್ಮಡಿ ಮೇಲೆದ್ದು ಬೆರಳುಗಳು ಹಿಂದಕ್ಕೆ ಬಾಗುತ್ತವೆ. ಆಗ ತಂತುಪಟ್ಟಿ ಬೆರಳಬುಡದ ಮೂಳೆಗಳ ಮೇಲೆ ಬಾವಿಯ ಹಗ್ಗ ರಾಟೆಗೆ ಸುತ್ತಿದ ಹಾಗೆ ಸುತ್ತಿಕೊಂಡು ಬಿಗಿಯಾಗುತ್ತದೆ, ಕಮಾನು ಮೇಲೇಳುತ್ತದೆ, ಪಾದ ಗಟ್ಟಿಯಾಗಿ ನೆಲವನ್ನು ಹಿಂದಕ್ಕೆ ತಳ್ಳಲು ಸಿದ್ಧವಾಗುತ್ತದೆ. ಪರೀಕ್ಷಿಸಲು ಯಾವ ಉಪಕರಣವೂ ಬೇಡ: ನಿಂತಿರುವವರ ಕಾಲಿನ ಹೆಬ್ಬೆರಳನ್ನು ಕೈಯಿಂದ ಮೇಲಕ್ಕೆತ್ತಿದರೆ ಒಳಪಾದದ ಕಮಾನು ಕಣ್ಣೆದುರಿಗೇ ಏರುವುದು ಕಾಣುತ್ತದೆ. ಹಿಮ್ಮಡಿ ನೋವಿರುವ ಕೆಲವರಲ್ಲಿ ಇದೇ ಎತ್ತುವಿಕೆ ನೋವನ್ನು ಕೆದಕುತ್ತದೆ; ವೈದ್ಯರು ಅದನ್ನೇ ಒಂದು ಪರೀಕ್ಷೆಯಾಗಿ ಬಳಸುತ್ತಾರೆ.

ದಿನಕ್ಕೆ ಸಾವಿರಾರು ಸಲ ಹೀಗೆ ಎಳೆಸಿಕೊಳ್ಳುವ ಪಟ್ಟಿ ಹಿಮ್ಮಡಿ ಮೂಳೆಗೆ ಅಂಟಿದ ಜಾಗದಲ್ಲಿ ಕ್ರಮೇಣ ಹಾಳಾಗುತ್ತದೆ. ಬಹಳ ಕಾಲ ಇದನ್ನು ಉರಿಯೂತವೆಂದೇ ನಂಬಲಾಗಿತ್ತು, ಫೇಸಿಯೈಟಿಸ್ ಎಂಬ ಹೆಸರಿನ ಕೊನೆಯ 'ಐಟಿಸ್' ಕೂಡ ಅದನ್ನೇ ಸೂಚಿಸುತ್ತದೆ. ಆದರೆ ಅಮೆರಿಕದ ಹಾರ್ವಿ ಲೆಮಾಂಟ್ ಮತ್ತು ಸಂಗಡಿಗರು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ 50 ಮಾದರಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ 2003ರಲ್ಲಿ ಬರೆದದ್ದು ಬೇರೆಯೇ: ಅಲ್ಲಿ ಇದ್ದದ್ದು ಉರಿಯೂತದ ಕೋಶಗಳಲ್ಲ, ತಂತುಗಳ ಸವೆತ ಮತ್ತು ಚಿಂದಿ. ನೋವಿನ ಮಾತ್ರೆ ನುಂಗಿದರೂ ತಿಂಗಳುಗಟ್ಟಲೆ ಗುಣವಾಗದ ಅನುಭವಕ್ಕೆ ಈ ಕಾಣ್ಕೆ ಒಂದು ವಿವರಣೆ. ಎಳೆತವನ್ನೇ ತಗ್ಗಿಸುವ ಉಪಾಯಗಳಿಗೆ ಅದರಿಂದ ಬೆಲೆಯೂ ಬಂತು.

ಬೆಳಗಿನ ಮೊದಲ ಹೆಜ್ಜೆಯೇ ಏಕೆ ಅಷ್ಟು ನೋಯುತ್ತದೆ? ಮಲಗಿದಾಗ ಪಾದ ತಾನಾಗಿ ಕೆಳಕ್ಕೆ ಚಾಚಿಕೊಳ್ಳುತ್ತದೆ, ಮೀನಖಂಡವೂ ಅಂಗಾಲಿನ ಪಟ್ಟಿಯೂ ಕುಗ್ಗಿದ ಸ್ಥಿತಿಯಲ್ಲೇ ರಾತ್ರಿ ಕಳೆಯುತ್ತವೆ. ಎದ್ದು ನಿಂತ ಕೂಡಲೇ ಇಡೀ ಮೈಭಾರ ಬಿದ್ದು, ಕುಗ್ಗಿದ್ದ ಪಟ್ಟಿ ಒಮ್ಮೆಗೇ ಹಿಗ್ಗಬೇಕಾಗುತ್ತದೆ.

ಇಲ್ಲಿ ಒಂದು ಸಾಮಾನ್ಯ ಭಯವನ್ನು ಬಿಡಿಸಿಡಬೇಕು. ಎಕ್ಸ್‌ರೇ ತೆಗೆಸಿದವರಲ್ಲಿ ಅನೇಕರು "ಹಿಮ್ಮಡಿಯಲ್ಲಿ ಮೂಳೆ ಬೆಳೆದಿದೆಯಂತೆ" ಎಂದು ಕಂಗಾಲಾಗಿ ಬರುತ್ತಾರೆ. ಹಿಮ್ಮಡಿ ಮೂಳೆಯಿಂದ ಮುಂದಕ್ಕೆ ಚಾಚಿದ ಆ ಸಣ್ಣ ಕೊಕ್ಕೆ ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲೂ ಇರುತ್ತದೆ. ನೋವು ಪೂರ್ತಿ ಹೋದವರಲ್ಲೂ ಹಾಗೇ ಉಳಿದಿರುತ್ತದೆ. ಚುಚ್ಚುತ್ತಿರುವುದು ಆ ಮೂಳೆಯಲ್ಲ. ಅದನ್ನು ಕತ್ತರಿಸಬೇಕೆಂಬ ಅವಸರಕ್ಕೆ ಬೀಳುವ ಅಗತ್ಯವೂ ಸಾಮಾನ್ಯವಾಗಿ ಇಲ್ಲ.

ಅಂಟುಪಟ್ಟಿಯ ಹಿನ್ನೆಲೆ

ರಬ್ಬರ್ ಸೇರಿಸಿದ ಅಂಟಿನ ಪಟ್ಟಿಗೆ ಅಮೆರಿಕದಲ್ಲಿ 1845ರಲ್ಲೇ ಪೇಟೆಂಟ್ ಸಿಕ್ಕಿತ್ತು. ಆದರೆ ಅದು ಚರ್ಮವನ್ನು ಕೆರಳಿಸುತ್ತಿತ್ತು. ಅಂಟಿಗೆ ಜಿಂಕ್ ಆಕ್ಸೈಡ್ ಬೆರೆಸಿದಾಗ ಈ ತೊಂದರೆ ಬಹಳ ಮಟ್ಟಿಗೆ ತಗ್ಗಿತು. ಜಾನ್ಸನ್ ಆ್ಯಂಡ್ ಜಾನ್ಸನ್ ಕಂಪನಿ 1899ರಲ್ಲಿ ಅಂಥ ಪಟ್ಟಿಯನ್ನು ಹೊರತಂದಿತು; ಜರ್ಮನಿಯ ಹ್ಯಾಂಬರ್ಗ್‌ನ ಬೈಯರ್ಸ್‌ಡಾರ್ಫ್ ಕಂಪನಿ 1901ರಲ್ಲಿ ಲ್ಯೂಕೋಪ್ಲಾಸ್ಟ್ ತಂದಿತು. ನಮ್ಮ ಮೆಡಿಕಲ್ ಶಾಪುಗಳಲ್ಲಿ ಇವತ್ತಿಗೂ ಕಟ್ಟುವ ಬಿಳಿ ಪಟ್ಟಿ ಕೇಳುವವರು ಕಂಪನಿ ಯಾವುದೇ ಇರಲಿ, ಲ್ಯೂಕೋಪ್ಲಾಸ್ಟ್ ಎಂದೇ ಕೇಳುತ್ತಾರೆ. ಹಿಗ್ಗುವ ಕಂದುಬಣ್ಣದ ಪಟ್ಟಿಯಾದರೆ ಡೈನಾಪ್ಲಾಸ್ಟ್.

ಗಾಯ ಮುಚ್ಚಲು ಹುಟ್ಟಿದ ಪಟ್ಟಿ ಕೀಲು ಹಿಡಿಯುವ ಕೆಲಸಕ್ಕೆ ಬಂದದ್ದು ಉಳುಕಿದ ಕಣಕಾಲಿನ ಮೂಲಕ. ನ್ಯೂಯಾರ್ಕಿನ ಶಸ್ತ್ರವೈದ್ಯ ವರ್ಜಿಲ್ ಗಿಬ್ನಿ 1895ರಲ್ಲಿ ಬುಟ್ಟಿ ಹೆಣೆದಂತೆ ಅಡ್ಡಕ್ಕೂ ಉದ್ದಕ್ಕೂ ಪಟ್ಟಿ ಸುತ್ತುವ ಕ್ರಮವನ್ನು ಪ್ರಕಟಿಸಿದರು. ಕೆಲಸ ನಿಲ್ಲಿಸದೆ, ಊರುಗೋಲಿಲ್ಲದೆ ಉಳುಕು ವಾಸಿ ಮಾಡುವುದು ಅವರ ಗುರಿ. ಅಂಗಾಲಿಗೆ ಬಂದರೆ, ಮುಖ್ಯ ಹೆಸರು ರಾಲ್ಫ್ ಡೈ ಎಂಬ ಅಮೆರಿಕದ ಪಾದತಜ್ಞರದು. ಅವರು ತಮ್ಮ ಕಟ್ಟಿನ ಬಗ್ಗೆ ಪುಟ್ಟ ಲೇಖನವೊಂದನ್ನು 1939ರಲ್ಲಿ ಬರೆದರು. ಕಣಕಾಲನ್ನು ಮುಟ್ಟದೆ ಪಾದದ ಕೆಳಭಾಗಕ್ಕಷ್ಟೇ ಸೀಮಿತವಾದ ಅದರ ರೂಪ ಲೋ-ಡೈ ಎಂದು ಪ್ರಸಿದ್ಧವಾಯಿತು. ಇಂದು ಕ್ಲಿನಿಕ್ಕುಗಳಲ್ಲಿ ಹಿಮ್ಮಡಿ ನೋವಿಗೆ ಟೇಪ್ ಎಂದರೆ ಹೆಚ್ಚಾಗಿ ಇದೇ, ಇಲ್ಲವೇ ಇದರದೊಂದು ಕವಲು.

ಕಟ್ಟುವ ಕ್ರಮ

ಬೇಕಾದದ್ದು ಹಿಗ್ಗದ ಜಿಂಕ್ ಆಕ್ಸೈಡ್ ಟೇಪ್, ಕತ್ತರಿ, ಒಣ ಬಟ್ಟೆ. ಟೇಪಿನ ಅಗಲ 25 ಅಥವಾ 38 ಮಿಲಿಮೀಟರ್. ಸಣ್ಣ ಪಾದಕ್ಕೆ ಸಣ್ಣದು ಸುಲಭ. ಮೊದಲ ಸಲ ಫಿಸಿಯೋಥೆರಪಿಸ್ಟ್ ಕೈಯಲ್ಲಿ ಕಟ್ಟಿಸಿಕೊಂಡು, ಅವರ ಕೈ ಚಲಿಸುವುದನ್ನು ಮನೆಯವರೊಬ್ಬರು ನೋಡಿ ಕಲಿಯುವುದು ಒಳ್ಳೆಯ ದಾರಿ. ತನ್ನ ಅಂಗಾಲಿಗೆ ತಾನೇ ಸರಿಯಾಗಿ ಕಟ್ಟಿಕೊಳ್ಳುವುದು ಸಾಧ್ಯವಾದರೂ ಕಷ್ಟ. ಬಗ್ಗಿದಾಗ ಪಾದ ತಿರುಚಿಕೊಳ್ಳುತ್ತದೆ, ತಿರುಚಿದ ಪಾದಕ್ಕೆ ಅಂಟಿಸಿದ ಪಟ್ಟಿ ನಿಂತ ಕೂಡಲೇ ಸುಕ್ಕುಗಟ್ಟುತ್ತದೆ.

ಪಾದವನ್ನು ಸೋಪಿನಿಂದ ತೊಳೆದು ಪೂರ್ತಿ ಒಣಗಿಸಬೇಕು. ಎಣ್ಣೆ, ಕ್ರೀಮು, ಪೌಡರ್ ಯಾವುದೂ ಇರಬಾರದು. ಹಿಮ್ಮಡಿ ಒಡೆದಿದ್ದರೆ, ಬೆರಳ ಸಂದಿನಲ್ಲಿ ನೀರುಹುಣ್ಣಿದ್ದರೆ ಅದು ಮಾಯುವ ತನಕ ಟೇಪ್ ಬೇಡ. ಬೆವರುವ ಪಾದಕ್ಕೆ ಕೆಲವರು ಟಿಂಚರ್ ಬೆಂಜೋಯಿನ್ ತೆಳ್ಳಗೆ ಹಚ್ಚಿ, ಅದು ಒಣಗಿ ಅಂಟಂಟಾದ ಮೇಲೆ ಪಟ್ಟಿ ಹಾಕುತ್ತಾರೆ. ಅಂಟು ಒಗ್ಗದ ಚರ್ಮವಾದರೆ ಮೊದಲು ತೆಳುವಾದ ರಕ್ಷಾಪಟ್ಟಿ ಹಾಕಿ ಅದರ ಮೇಲೆ ಟೇಪ್ ಹಾಕುವುದುಂಟು.

ಕಟ್ಟಿಸಿಕೊಳ್ಳುವವರು ಮಂಚದ ಮೇಲೆ ಕಾಲು ಚಾಚಿ, ಪಾದ ಅಂಚಿನಾಚೆ ಬರುವಂತೆ ಇರಬೇಕು. ಕಣಕಾಲು ನೆಟ್ಟಗೆ, ಅಂದರೆ ಪಾದ ಮತ್ತು ಕಾಲಿನ ನಡುವೆ ಲಂಬಕೋನ. ಕಟ್ಟುವವರು ಒಂದು ಹೆಬ್ಬೆಟ್ಟಿನಿಂದ ಕಾಲಿನ ಹೆಬ್ಬೆರಳ ಬುಡದ ಉಬ್ಬನ್ನು ಅಂಗಾಲಿನ ಕಡೆಗೆ ಮೆತ್ತಗೆ ಒತ್ತಿ ಹಿಡಿಯುತ್ತಾರೆ. ಕಟ್ಟಿನ ಗುಟ್ಟು ಈ ಒತ್ತಿನಲ್ಲಿದೆ. ಹಾಗೆ ಒತ್ತಿದಾಗ ಕಮಾನು ಏರುತ್ತದೆ. ಏರಿದ ಕಮಾನನ್ನು ಟೇಪ್ ಅಲ್ಲೇ ಹಿಡಿದಿಡಬೇಕು.

ಮೊದಲನೆಯದು ಆಧಾರಪಟ್ಟಿ. ಕಿರುಬೆರಳ ಬುಡದಿಂದ ಶುರುಮಾಡಿ ಪಾದದ ಹೊರ ಅಂಚಿನಗುಂಟ ಹಿಂದಕ್ಕೆ ಬಂದು, ಹಿಮ್ಮಡಿಯ ಹಿಂಬದಿಯನ್ನು ಬಳಸಿ, ಒಳ ಅಂಚಿನಗುಂಟ ಮುಂದಕ್ಕೆ ಹೋಗಿ ಹೆಬ್ಬೆರಳ ಬುಡದ ಹಿಂದೆ ಮುಗಿಸುವುದು. ಹಿಮ್ಮಡಿಯ ಹಿಂದೆ ಪಟ್ಟಿ ತೀರ ಮೇಲೆ ಹೋದರೆ ನಡೆಯುವಾಗ ಸ್ನಾಯುರಜ್ಜುವನ್ನು ಉಜ್ಜಿ ಬೊಕ್ಕೆ ಬರಿಸುತ್ತದೆ, ಕೆಳಗಿಳಿದರೆ ಎರಡು ಹೆಜ್ಜೆಗೆ ಜಾರುತ್ತದೆ. ಇಂಥವು ಎರಡೋ ಮೂರೋ, ಒಂದರ ಮೇಲೊಂದು ಅರ್ಧ ಏರುವ ಹಾಗೆ.

ಆಮೇಲೆ ಅಡ್ಡಪಟ್ಟಿಗಳು. ಹೊರ ಅಂಚಿನ ಆಧಾರಪಟ್ಟಿಯ ಮೇಲೆ ಶುರುವಾಗಿ, ಅಂಗಾಲಿನ ಕೆಳಗೆ ಹಾದು, ಒಳ ಅಂಚಿನಲ್ಲಿ ಮೇಲೆದ್ದು ಆಧಾರಪಟ್ಟಿಯ ಮೇಲೇ ಮುಗಿಯಬೇಕು. ಎಳೆತ ಹೊರಗಿನಿಂದ ಒಳಕ್ಕೆ. ಹಿಮ್ಮಡಿಯ ಮುಂದಿನಿಂದ ಆರಂಭಿಸಿ, ಪ್ರತಿಯೊಂದೂ ಹಿಂದಿನದರ ಮೂರನೆಯ ಒಂದು ಭಾಗವನ್ನೋ ಅರ್ಧವನ್ನೋ ಮುಚ್ಚುವಂತೆ ಮುಂದಕ್ಕೆ ಸಾಗಿ, ಬೆರಳಬುಡದ ಉಬ್ಬುಗಳ ಹಿಂದೆಯೇ ನಿಲ್ಲಬೇಕು. ಆ ಉಬ್ಬುಗಳ ಮೇಲೆ ಅಡ್ಡಪಟ್ಟಿ ಬಿಗಿದರೆ ನಿಂತಾಗ ಅಗಲವಾಗಬೇಕಾದ ಮುಂಪಾದಕ್ಕೆ ಜಾಗವಿರುವುದಿಲ್ಲ, ಬೆರಳು ಜೋಮು ಹಿಡಿಯುತ್ತದೆ. ಕೊನೆಗೆ ತುದಿಗಳು ಏಳದಂತೆ ಇನ್ನೊಂದು ಆಧಾರಪಟ್ಟಿಯಿಂದ ಬೀಗ. ಪಾದದ ಮೇಲ್ಭಾಗಕ್ಕೆ ಸುತ್ತು ಬೇಕೆನಿಸಿದರೆ ಎದ್ದು ನಿಂತು ಪಾದ ಅಗಲವಾದ ಮೇಲೆ ಸಡಿಲವಾಗಿ ಹಾಕುವುದು.

ಕಟ್ಟಿದ ಮೇಲೆ ಮೂರು ವಿಷಯ ನೋಡಬೇಕು. ಹೆಬ್ಬೆರಳ ಉಗುರನ್ನು ಅದುಮಿ ಬಿಟ್ಟರೆ ಎರಡು ಸೆಕೆಂಡಿನಲ್ಲಿ ಕೆಂಪು ಮರಳಬೇಕು. ಬೆರಳುಗಳಲ್ಲಿ ಜುಮುಗುಡುವಿಕೆ ಇರಬಾರದು. ನಾಲ್ಕು ಹೆಜ್ಜೆ ನಡೆದಾಗ ಹಿಮ್ಮಡಿ ನೋವು ಮೊದಲಿಗಿಂತ ಕಡಿಮೆ ಅನಿಸಬೇಕು. ಮೂರನೆಯದು ಆಗದಿದ್ದರೆ ಕಟ್ಟು ತಪ್ಪಿದೆ, ಇಲ್ಲವೇ ಆ ನೋವಿಗೆ ಟೇಪ್ ಮದ್ದಲ್ಲ. ಸರಿಯಾದ ಕಟ್ಟಿನ ಫಲ ಆಗಲೇ ಗೊತ್ತಾಗುತ್ತದೆ. ನಾಳೆಗೆ ಕಾಯುವ ಮಾತಿಲ್ಲ.

ಒಳಕ್ಕೆ ವಾಲುವ ಚಪ್ಪಟೆ ಪಾದದವರಿಗೆ ಇಷ್ಟು ಸಾಲದೆಂದು ಆಸ್ಟ್ರೇಲಿಯದ ಫಿಸಿಯೋಥೆರಪಿಸ್ಟರು ಕಾಲಿನ ಕೆಳಭಾಗದವರೆಗೆ ಏರುವ ಹೆಚ್ಚುವರಿ ಪಟ್ಟಿಗಳನ್ನು ಸೇರಿಸುತ್ತಾರೆ. ಇನ್ನೊಂದು ಬಗೆ ಹಿಮ್ಮಡಿಗಷ್ಟೇ ಕಟ್ಟುವುದು: ಕಣಕಾಲಿನ ಹೊರಗಂಟಿನ ಕೆಳಗೆ ಅಂಟಿಸಿ, ಹಿಮ್ಮಡಿ ಮೂಳೆಯನ್ನು ಒಳಕ್ಕೆಳೆಯುತ್ತ ಒಳಗಂಟಿನ ಕೆಳಗೆ ಮುಗಿಸುವ ಮೂರು ಪಟ್ಟಿ, ಹಿಮ್ಮಡಿಯ ಹಿಂದೆ ಸುತ್ತಿ ಅವನ್ನು ಹಿಡಿಯುವ ನಾಲ್ಕನೆಯದು. ಇದು ಬೇಗ ಮುಗಿಯುತ್ತದೆ, ಟೇಪೂ ಕಡಿಮೆ ಸಾಕು.

ಬಿಚ್ಚುವುದಕ್ಕೂ ಒಂದು ಕ್ರಮವಿದೆ. ಒಂದೇ ಸಲ ಸರಕ್ಕನೆ ಕಿತ್ತರೆ ಚರ್ಮದ ಮೇಲುಪದರವೂ ಜೊತೆಗೆ ಬರುತ್ತದೆ. ಟೇಪಿನ ತುದಿಯನ್ನು ಹಿಂದಕ್ಕೆ ಮಡಚಿ, ಚರ್ಮಕ್ಕೆ ಒತ್ತಿಕೊಂಡಂತೆ ನಿಧಾನವಾಗಿ ಬಿಡಿಸುತ್ತ, ಇನ್ನೊಂದು ಕೈಯಿಂದ ಚರ್ಮವನ್ನು ತಗ್ಗಿಸಿ ಹಿಡಿಯಬೇಕು. ಅಂಟು ಬಿಡದಿದ್ದರೆ ಕೊಬ್ಬರಿ ಎಣ್ಣೆ ಸವರಿ ಐದು ನಿಮಿಷ ಬಿಟ್ಟರೆ ಸಾಕು. ಉಳಿದ ಅಂಟನ್ನು ಸೋಪು ಹಾಕಿ ತೊಳೆದು, ಮರುಕಟ್ಟಿಗೆ ಮುನ್ನ ಒಂದು ರಾತ್ರಿಯಾದರೂ ಚರ್ಮಕ್ಕೆ ಗಾಳಿ ಕೊಡಬೇಕು. ಹಿಗ್ಗದ ಟೇಪನ್ನು ಸಾಮಾನ್ಯವಾಗಿ ಒಂದೆರಡು ದಿನ ಇಡುತ್ತಾರೆ. ಒದ್ದೆಯಾಗಿ ಒಣಗದೆ ಉಳಿದರೆ, ಕೆರೆತ ಶುರುವಾದರೆ, ಗಂಟೆ ಎಷ್ಟೇ ಆಗಿರಲಿ ತೆಗೆದುಬಿಡಬೇಕು.

ಬರಿಗಾಲಿನ ಮನೆ

ಪಾಶ್ಚಾತ್ಯ ಪಠ್ಯಗಳಲ್ಲಿ ಹಿಮ್ಮಡಿ ನೋವಿನ ಆರೈಕೆ ಬಹುಮಟ್ಟಿಗೆ ಶೂವಿನ ಸುತ್ತ ತಿರುಗುತ್ತದೆ: ಒಳಗೆ ಕಮಾನಿನ ಆಸರೆ, ಹಿಮ್ಮಡಿಗೆ ಮೆತ್ತೆ, ಹೊಸ ಓಟದ ಶೂ. ದಿನವಿಡೀ ಶೂ ಹಾಕುವ, ಮನೆಯೊಳಗೂ ಹಾಕುವ ಸಮಾಜಕ್ಕೆ ಅದು ಹೊಂದುತ್ತದೆ. ಕರ್ನಾಟಕದ ಮನೆಯಲ್ಲಿ ಚಪ್ಪಲಿ ಬಾಗಿಲಾಚೆ ಉಳಿಯುತ್ತದೆ. ರೆಡ್ ಆಕ್ಸೈಡ್ ನೆಲ ಹೋಗಿ ವಿಟ್ರಿಫೈಡ್ ಟೈಲ್ಸೂ ಗ್ರಾನೈಟೂ ಬಂದ ಮೇಲೆ ಗಟ್ಟಿತನವೇನೂ ತಗ್ಗಲಿಲ್ಲ. ಅಡುಗೆಮನೆಯಲ್ಲಿ ನಿಲ್ಲುವ ಎರಡು ಮೂರು ಗಂಟೆ, ದೇವಸ್ಥಾನದ ಸರತಿ ಸಾಲು, ಮದುವೆಮನೆಯ ಓಡಾಟ ಎಲ್ಲವೂ ಬರಿಗಾಲಿನದೇ. ಎಲ್ಲಕ್ಕಿಂತ ಮುಖ್ಯವಾಗಿ, ಅತಿ ಹೆಚ್ಚು ನೋಯುವ ಆ ಮೊದಲ ಹೆಜ್ಜೆಯೂ ಬರಿಗಾಲಿನದೇ. ಶೂವಿನೊಳಗಿನ ಸಾವಿರಾರು ರೂಪಾಯಿಯ ಅಚ್ಚು ಆ ಹೊತ್ತಿನಲ್ಲಿ ಚಪ್ಪಲಿ ಸ್ಟ್ಯಾಂಡಿನಲ್ಲಿರುತ್ತದೆ. ಟೇಪ್ ಮಾತ್ರ ಪಾದದ ಮೇಲೇ ಇರುತ್ತದೆ.

ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕಿ ಎಂದು ವೈದ್ಯರು ಹೇಳುತ್ತಾರೆ, ಆ ಸಲಹೆ ಸರಿಯಾದದ್ದೇ. ಇದಕ್ಕಾಗಿ ನಮ್ಮಲ್ಲಿ ಎಲ್ಲರ ಬಾಯಲ್ಲಿರುವುದು ಎಂಸಿಆರ್ ಚಪ್ಪಲಿ. ಸೂಕ್ಷ್ಮರಂಧ್ರಗಳಿರುವ ರಬ್ಬರಿನ ಈ ಪಾದರಕ್ಷೆ ಹುಟ್ಟಿದ್ದು ಹಿಮ್ಮಡಿ ನೋವಿಗಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಮತ್ತು ಸಂಗಡಿಗರು ಕುಷ್ಠರೋಗದಿಂದ ಸ್ಪರ್ಶ ಕಳೆದುಕೊಂಡ ಪಾದಗಳಲ್ಲಿ ಹುಣ್ಣಾಗದಂತೆ ಅದನ್ನು ರೂಪಿಸಿದರು. ಅಲ್ಲಿಂದ ಮಧುಮೇಹಿಗಳಿಗೂ ಆಮೇಲೆ ಹಿಮ್ಮಡಿ ನೋವಿನವರಿಗೂ ಬಂತು. ಆದರೆ ದೇವರ ಮನೆಗೂ ಅಡುಗೆಮನೆಗೂ ಯಾವ ಚಪ್ಪಲಿಯನ್ನೂ ಬಿಟ್ಟುಕೊಳ್ಳದ ಮನೆಗಳು ಇನ್ನೂ ಬಹಳ ಇವೆ. ಅಲ್ಲಿನ ಅಜ್ಜಿಗೋ ಅತ್ತೆಗೋ ಒಪ್ಪಿಸಲು ಚಪ್ಪಲಿಗಿಂತ ಟೇಪ್ ಸುಲಭ.

ನಮ್ಮ ನೆಲದ ಅನನುಕೂಲವೂ ಇದೆ, ಅದನ್ನು ಮರೆಮಾಚುವಂತಿಲ್ಲ. ಬಚ್ಚಲು ಒದ್ದೆ, ಅಂಗಳ ಒದ್ದೆ, ಕರಾವಳಿಯಲ್ಲಿ ಪಾದ ಸದಾ ಬೆವರು. ಹತ್ತಿ ಬಟ್ಟೆಯ ಟೇಪ್ ನೀರು ಕುಡಿದು ಭಾರವಾಗುತ್ತದೆ, ಅಂಚು ಏಳುತ್ತದೆ, ಧೂಳು ಮೆತ್ತಿಕೊಳ್ಳುತ್ತದೆ. ದಿನಾ ಸ್ನಾನ ಮಾಡುವವರ ಕಾಲಿನಲ್ಲಿ ಎರಡು ದಿನದ ಟೇಪ್ ಒಂದೇ ದಿನಕ್ಕೆ ಇಳಿಯುತ್ತದೆ. ಬೆಳಿಗ್ಗೆ ಸ್ನಾನ ಮುಗಿಸಿ ಕಟ್ಟಿ ಮರುದಿನ ಸ್ನಾನಕ್ಕೆ ಮುನ್ನ ಬಿಚ್ಚುವುದು ಲೇಸು. ಹಾಗಾದರೆ ಮೊದಲ ಹೆಜ್ಜೆಯ ಹೊತ್ತಿಗೂ ಕಾಲಲ್ಲಿ ಪಟ್ಟಿ ಇರುತ್ತದೆ.

ಈ ನೋವು ಈ ನೆಲಕ್ಕೆ ಹೊಸದೂ ಅಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ವಾತಕಂಟಕವೆಂಬ ವ್ಯಾಧಿಯ ವಿವರಣೆಯಿದೆ. ಏರುತಗ್ಗಾಗಿ ಹೆಜ್ಜೆಯಿಟ್ಟಾಗ ವಾತ ಕೆರಳಿ ಪಾದದಲ್ಲಿ ನೋವು ತರುತ್ತದೆ ಎಂಬುದು ಅದರ ಸಾರ. ಇಂದಿನ ಆಯುರ್ವೇದ ವೈದ್ಯರು ಪ್ಲಾಂಟರ್ ಫೇಸಿಯೈಟಿಸ್ಸನ್ನು ಸಾಮಾನ್ಯವಾಗಿ ಇದರ ಜೊತೆ ಸೇರಿಸುತ್ತಾರೆ. ಹಳ್ಳಿಮದ್ದಿನಲ್ಲಿ ಇಟ್ಟಿಗೆ ಕಾಯಿಸಿ, ಅದರ ಮೇಲೆ ಎಕ್ಕದ ಎಲೆ ಹಾಸಿ ಹಿಮ್ಮಡಿ ಊರುವುದು ಹಳೆಯ ರೂಢಿ. ಶಾಖದಿಂದ ಹಿತವೆನಿಸುವುದು ಸಹಜ. ಆದರೆ ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದ ಪಾದಕ್ಕೆ ಈ ಇಟ್ಟಿಗೆ ಅಪಾಯಕಾರಿ, ಸುಟ್ಟದ್ದೇ ತಿಳಿಯುವುದಿಲ್ಲ.

ಪರೀಕ್ಷೆಗಳು ಹೇಳುವುದು

ಟೇಪಿನ ಫಲವನ್ನು ಅಳೆಯುವುದು ಸುಲಭವಲ್ಲ. ಮಾತ್ರೆಯಾದರೆ ಬಣ್ಣ, ರುಚಿ ಒಂದೇ ಇರುವ ಹುಸಿ ಮಾತ್ರೆ ಕೊಡಬಹುದು. ಕಾಲಿಗೆ ಟೇಪ್ ಬಿಗಿದಿದೆಯೋ ಇಲ್ಲವೋ ಎಂಬುದನ್ನು ರೋಗಿಯಿಂದ ಬಚ್ಚಿಡಲಾಗದು. ಆಸ್ಟ್ರೇಲಿಯದಲ್ಲಿ ರ‍್ಯಾಡ್‌ಫರ್ಡ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪರೀಕ್ಷೆ ಇದಕ್ಕೆ ಒಂದು ಉಪಾಯ ಹುಡುಕಿತು. 92 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಎರಡೂ ಗುಂಪಿಗೆ ಕೆಲಸಮಾಡದ ಹುಸಿ ಅಲ್ಟ್ರಾಸೌಂಡ್ ಚಿಕಿತ್ಸೆ ಕೊಟ್ಟರು. ಒಂದು ಗುಂಪಿಗೆ ಮಾತ್ರ ಜೊತೆಗೆ ಲೋ-ಡೈ ಟೇಪ್. ಒಂದು ವಾರದ ಬಳಿಕ, 100 ಮಿಲಿಮೀಟರಿನ ನೋವಿನ ಅಳತೆಗೋಲಿನಲ್ಲಿ ಟೇಪಿನ ಗುಂಪಿನವರ ಮೊದಲ ಹೆಜ್ಜೆಯ ನೋವು ಇನ್ನೊಂದು ಗುಂಪಿಗಿಂತ ಸರಾಸರಿ 12.3 ಮಿಲಿಮೀಟರ್ ಹೆಚ್ಚು ಇಳಿದಿತ್ತು. ಇದು ಪವಾಡವಲ್ಲ, ತಳ್ಳಿಹಾಕುವಂಥದೂ ಅಲ್ಲ. ಬಿಗಿ ಹೆಚ್ಚಾದದ್ದು, ಬೇರೆ ಕಡೆ ನೋವು, ಚರ್ಮದ ಅಲರ್ಜಿ ಮುಂತಾದ ಸಣ್ಣ ತೊಂದರೆಗಳು ಕೆಲವರಿಗೆ ಕಾಣಿಸಿಕೊಂಡಿದ್ದವು.

ಅದೇ ವರ್ಷ ಅಮೆರಿಕದ ಹೈಲ್ಯಾಂಡ್ ಮತ್ತು ಸಂಗಡಿಗರು ಹಿಮ್ಮಡಿಗೆ ಕಟ್ಟುವ ನಾಲ್ಕು ಪಟ್ಟಿಯ ಬಗೆಯನ್ನು ಪರೀಕ್ಷಿಸಿದರು. ಎಳೆತವಿಲ್ಲದ ಹುಸಿ ಟೇಪ್, ಅಂಗಾಲು ಹಿಗ್ಗಿಸುವ ವ್ಯಾಯಾಮ, ಏನೂ ಮಾಡದಿರುವುದು ಇವುಗಳ ಜೊತೆ ಹೋಲಿಕೆ. ಹತ್ತರ ಅಳತೆಯಲ್ಲಿ ಟೇಪಿನವರ ನೋವು ವಾರದಲ್ಲಿ 7.0ರಿಂದ 2.7ಕ್ಕೆ ಇಳಿಯಿತು, ಹುಸಿ ಟೇಪಿನವರದು 6.4ರಿಂದ 6.0ಕ್ಕೆ ಮಾತ್ರ. ರೋಗಿಗಳ ಸಂಖ್ಯೆ ಚಿಕ್ಕದಾದ್ದರಿಂದ ಈ ದೊಡ್ಡ ಅಂತರವನ್ನು ಸ್ವಲ್ಪ ಎಚ್ಚರದಿಂದಲೇ ಓದಬೇಕು. ಆದರೂ ಬರೀ ಅಂಟಿಸುವುದಕ್ಕೂ ಎಳೆದು ಅಂಟಿಸುವುದಕ್ಕೂ ವ್ಯತ್ಯಾಸವಿದೆ ಎಂಬ ಸೂಚನೆ ಇಲ್ಲಿ ಸಿಗುತ್ತದೆ.

ಎರಡೂ ಒಂದು ವಾರದ ಕಥೆ. ಅದಕ್ಕಿಂತ ಮುಂದೆ ಟೇಪ್ ಒಂದನ್ನೇ ನೆಚ್ಚಬಹುದೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ಅಮೆರಿಕದ ಫಿಸಿಯೋಥೆರಪಿ ಸಂಘಟನೆಯ 2014ರ ಮಾರ್ಗಸೂಚಿ ಕಮಾನು ಹಿಡಿಯುವ ಟೇಪನ್ನು ಮೂರು ವಾರದೊಳಗಿನ ಉಪಶಮನಕ್ಕೆಂದು ಶಿಫಾರಸು ಮಾಡಿತು. 2021ರಲ್ಲಿ ಬ್ರಿಟಿಷ್ ಕ್ರೀಡಾವೈದ್ಯ ಪತ್ರಿಕೆಯಲ್ಲಿ ಬಂದ ಮಾರ್ಗದರ್ಶಿ ಟೇಪ್, ಅಂಗಾಲು ಹಿಗ್ಗಿಸುವಿಕೆ, ರೋಗಿಗೆ ತಿಳಿವಳಿಕೆ ಈ ಮೂರನ್ನೂ ಚಿಕಿತ್ಸೆಯ ಮೊದಲ ಮೆಟ್ಟಿಲಾಗಿ ಒಟ್ಟಿಗೆ ಇಟ್ಟಿತು.

ಟೇಪ್ ಹೇಗೆ ಕೆಲಸ ಮಾಡುತ್ತದೆ ಎಂಬುದು ಪೂರ್ತಿ ತೀರ್ಮಾನವಾಗಿಲ್ಲ. ಕಟ್ಟಿದ ಕೂಡಲೇ ಕಮಾನು ಕೆಲವು ಮಿಲಿಮೀಟರ್ ಏರುತ್ತದೆ, ನಡುಪಾದದ ಹೊರಬದಿಗೆ ಒತ್ತಡ ಸರಿಯುತ್ತದೆ. ಇವು ಅಳೆದು ನೋಡಿದ ಸಂಗತಿಗಳು. ಆದರೆ ಸ್ವಲ್ಪ ಹೊತ್ತು ಓಡಿದರೆ ಬಟ್ಟೆ ಸಡಿಲಗೊಂಡು ಆ ಏರಿಕೆಯ ಬಹುಭಾಗ ಕರಗುತ್ತದೆಂದೂ ಅಳತೆಗಳು ತೋರಿಸಿವೆ. ಆ ಮೇಲೂ ನೋವು ಕಡಿಮೆಯೇ ಇರುವುದಾದರೆ ಕಮಾನಿನ ಎತ್ತರವೊಂದೇ ಕಾರಣವಾಗಿರಲಾರದು. ಚರ್ಮದ ಮೇಲಿನ ಸೆಳೆತ ನಡಿಗೆಯನ್ನೂ ಸ್ನಾಯುಗಳ ದುಡಿಮೆಯನ್ನೂ ಕೊಂಚ ಬದಲಿಸುತ್ತದೆ ಎಂಬುದು ಒಂದು ವಿವರಣೆ.

ಹಿಗ್ಗುವ ಬಣ್ಣದ ಟೇಪ್

ಆಟಗಾರರ ಭುಜ, ಮೊಣಕಾಲುಗಳ ಮೇಲೆ ಕಾಣುವ ನೀಲಿ, ಗುಲಾಬಿ, ಕಪ್ಪು ಪಟ್ಟಿ ಬೇರೆ ಜಾತಿಯದು. ಜಪಾನಿನ ಕೆಂಜೊ ಕಾಸೆ 1970ರ ದಶಕದಲ್ಲಿ ರೂಪಿಸಿದ ಇದು ಹತ್ತಿಯ ಜೊತೆ ಹಿಗ್ಗುವ ಎಳೆ ಸೇರಿಸಿದ ಬಟ್ಟೆ. ಅಂಟು ರಬ್ಬರಿನದಲ್ಲ, ಅಕ್ರಿಲಿಕ್‌ನದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಬೀಚ್ ವಾಲಿಬಾಲ್ ಆಟಗಾರ್ತಿ ಕೆರಿ ವಾಲ್ಶ್ ಭುಜದ ಮೇಲೆ ಇದನ್ನು ಕಂಡ ಮೇಲೆ ಜಗತ್ತೇ ಕೇಳತೊಡಗಿತು. ಹಿಮ್ಮಡಿ ನೋವಿಗೆ ಒಂದು ಪಟ್ಟಿಯನ್ನು ಹಿಮ್ಮಡಿಯಿಂದ ಬೆರಳಬುಡದವರೆಗೂ ಇನ್ನೊಂದನ್ನು ಹಿಮ್ಮಡಿಯಿಂದ ಮೀನಖಂಡದವರೆಗೂ ಅಂಟಿಸುತ್ತಾರೆ. ಎರಡೂ ತುದಿಗಳನ್ನು ಎಳೆಯದೆ ಕೂರಿಸಬೇಕು, ನಡುವೆ ಮಾತ್ರ ಸ್ವಲ್ಪ ಎಳೆತ. ಅಂಟಿಸಿದ ಮೇಲೆ ಅಂಗೈಯಿಂದ ಉಜ್ಜಿದರೆ ಬಿಸಿಗೆ ಅಂಟು ಹಿಡಿಯುತ್ತದೆ. ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ಬೇಗ ಏಳುವುದಿಲ್ಲ.

ಸ್ನಾನ ಮಾಡಿ ಒತ್ತಿ ಒರೆಸಿಕೊಂಡರೆ ಇದು ಮೂರು ನಾಲ್ಕು ದಿನ ಉಳಿಯುತ್ತದೆ ಎಂಬುದು ನಮ್ಮ ಹವೆಗೆ ದೊಡ್ಡ ಅನುಕೂಲ. ಚರ್ಮವನ್ನು ಎತ್ತಿ ರಕ್ತಸಂಚಾರ ಹೆಚ್ಚಿಸುತ್ತದೆ ಎಂಬ ಮಾರಾಟಗಾರರ ಮಾತಿಗೆ ಮಾತ್ರ ನಂಬುವಂಥ ಪುರಾವೆ ಸಾಲದು. 2014ರ ಮಾರ್ಗಸೂಚಿ ಇದನ್ನೂ ಒಂದು ವಾರದ ಉಪಶಮನಕ್ಕೆ ಬಳಸಬಹುದು ಎಂದಿತು, ಅಷ್ಟೇ. ಬಣ್ಣಕ್ಕೂ ಗುಣಕ್ಕೂ ಸಂಬಂಧವಿಲ್ಲ.

ಟೇಪಿನ ಜೊತೆಗೆ

ಟೇಪ್ ಕೊಟ್ಟ ಬಿಡುವನ್ನು ವ್ಯಾಯಾಮಕ್ಕೆ ಬಳಸಿದವರಿಗೆ ಲಾಭ. ಅಮೆರಿಕದ ಡಿಜಿಯೊವಾನಿ ಮತ್ತು ಸಂಗಡಿಗರು 2003ರಲ್ಲಿ ವಿವರಿಸಿದ ಹಿಗ್ಗಿಸುವಿಕೆ ಹಾಸಿಗೆಯಿಂದ ಏಳುವ ಮುನ್ನವೇ ಮಾಡುವಂಥದು: ನೋವಿನ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನು ಕೈಯಿಂದ ಮೊಳಕಾಲಿನತ್ತ ಬಾಗಿಸಿ, ಅಂಗಾಲು ಬಿಗಿಯುವುದನ್ನು ಇನ್ನೊಂದು ಕೈಯಿಂದ ಮುಟ್ಟಿ ನೋಡುತ್ತ ಹತ್ತು ಎಣಿಸುವುದು, ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಡೆನ್ಮಾರ್ಕಿನ ರಾತ್‌ಲೆಫ್ ಮತ್ತು ಸಂಗಡಿಗರು 2015ರಲ್ಲಿ ಭಾರದ ವ್ಯಾಯಾಮವನ್ನು ಪರೀಕ್ಷಿಸಿದರು. ಮೆಟ್ಟಿಲ ಅಂಚಿನಲ್ಲಿ ನಿಂತು, ಬೆರಳುಗಳ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ದಿನ ಬಿಟ್ಟು ದಿನ ಹಿಮ್ಮಡಿ ಎತ್ತಿ ಇಳಿಸಿದವರಿಗೆ ಮೂರು ತಿಂಗಳಲ್ಲಿ ಬರೀ ಹಿಗ್ಗಿಸಿದವರಿಗಿಂತ ಹೆಚ್ಚು ಗುಣ ಕಂಡಿತು. ಒಂದು ವರ್ಷದ ಹೊತ್ತಿಗೆ ಇಬ್ಬರೂ ಸರಿಸಮ. ಟವೆಲ್ ಸುರುಳಿಯ ಕೆಲಸ ಹಿಕ್ಸ್ ಕಂಡ ಆ ಎಳೆತವನ್ನು ಬೇಕೆಂದೇ ತರುವುದು.

ಟೇಪ್ ಕಟ್ಟಿ ನೋವು ತಗ್ಗಿತೆಂದು ಅದೇ ದಿನ ಹತ್ತು ಕಿಲೋಮೀಟರ್ ಓಡುವುದು ಓಟಗಾರರು ಮಾಡಿಕೊಳ್ಳುವ ಎಡವಟ್ಟು. ಅಂಗಾಲಿನ ತಂತುಪಟ್ಟಿಯೇ ಹರಿಯುವುದೂ ಉಂಟು. ಬೇಸ್‌ಬಾಲ್ ತಾರೆ ಆಲ್ಬರ್ಟ್ ಪುಹೋಲ್ಸ್ ಬಹುಕಾಲ ನೋವಿನಲ್ಲೇ ಆಡಿ, 2013ರಲ್ಲಿ ಅಂಗಾಲಿನ ಪಟ್ಟಿ ಭಾಗಶಃ ಹರಿದು ಉಳಿದ ಋತುವನ್ನೇ ಕಳೆದುಕೊಂಡರು. ಸ್ಟೀರಾಯ್ಡ್ ಇಂಜೆಕ್ಷನ್ ಬೇಗ ಆರಾಮ ಕೊಡುತ್ತದೆ, ಆದರೆ ಪದೇ ಪದೇ ಹಾಕಿಸಿದರೆ ಇದೇ ಹರಿಯುವಿಕೆಯ, ಹಿಮ್ಮಡಿಯ ಕೊಬ್ಬಿನ ಮೆತ್ತೆ ಸವೆಯುವ ಅಪಾಯವಿದೆ.

ಟೇಪ್ ಬೇಡದವರು

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರು, ಕಾಲಿನ ರಕ್ತಸಂಚಾರ ಕುಗ್ಗಿದವರು, ಪಾದದಲ್ಲಿ ಊತವಿರುವವರು ಮನೆಯಲ್ಲಿ ಟೇಪ್ ಕಟ್ಟಿಕೊಳ್ಳಬಾರದು. ಬಿಗಿಯಾದದ್ದು, ಬೊಕ್ಕೆಯೆದ್ದದ್ದು ಅವರಿಗೆ ಗೊತ್ತಾಗುವ ಹೊತ್ತಿಗೆ ಹುಣ್ಣಾಗಿರುತ್ತದೆ. ರಬ್ಬರ್ ಅಂಟು ಒಗ್ಗದವರು ಮುಂಗೈಗೆ ಸಣ್ಣ ತುಂಡು ಅಂಟಿಸಿ ಒಂದು ದಿನ ನೋಡುವುದು ಜಾಣತನ.

ಹಿಮ್ಮಡಿ ನೋಯುವುದೆಲ್ಲ ಪ್ಲಾಂಟರ್ ಫೇಸಿಯೈಟಿಸ್ ಅಲ್ಲ. ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಹಿಚುಕಿದಾಗ ನೋವು ಜೋರಾದರೆ ಮೂಳೆಯಲ್ಲಿ ಬಿರುಕಿರಬಹುದು. ಉರಿ, ಜೋಮು, ಅಂಗಾಲಿಗೆ ಹರಿಯುವ ಮಿಂಚು ಇದ್ದರೆ ಕಣಕಾಲಿನ ಒಳಬದಿಯಲ್ಲಿ ನರ ಒತ್ತಿರಬಹುದು. ಇಪ್ಪತ್ತು ಮೂವತ್ತರ ಪ್ರಾಯದವರಿಗೆ ಎರಡೂ ಹಿಮ್ಮಡಿ ನೋವು, ಜೊತೆಗೆ ಬೆಳಿಗ್ಗೆ ಬೆನ್ನು ಬಿಗಿ ಇದ್ದರೆ ಸಂಧಿವಾತದ ತಜ್ಞರು ನೋಡಬೇಕಾದ ಬೆನ್ನುಮೂಳೆಯ ಕಾಯಿಲೆಯಿರಬಹುದು. ರಾತ್ರಿ ಮಲಗಿದಾಗಲೂ ಬಿಡದ ನೋವು, ಜ್ವರ, ಕೆಂಪಾದ ಊತ ಇವಕ್ಕೆ ಟೇಪ್ ಕಟ್ಟಿ ಕಾಯುವಂತಿಲ್ಲ. ಎಂಟರಿಂದ ಹದಿನಾಲ್ಕು ವಯಸ್ಸಿನ, ಆಟದಲ್ಲಿ ಮುಂದಿರುವ ಮಕ್ಕಳ ಹಿಮ್ಮಡಿ ನೋವು ಹೆಚ್ಚಾಗಿ ಬೆಳೆಯುವ ಮೂಳೆಯ ಹಿಂಬದಿಯ ಎಳೆತದಿಂದ ಬಂದದ್ದು. ಅದಕ್ಕೆ ಕೆಲವು ವಾರ ಆಟ ತಗ್ಗಿಸುವುದು, ಹಿಮ್ಮಡಿಗೆ ಮೆತ್ತೆ ಹಾಕುವುದು ಮೊದಲ ಉಪಾಯ. ಬೆಳವಣಿಗೆ ಮುಗಿಯುತ್ತಿದ್ದಂತೆ ನೋವು ತಾನಾಗಿ ಹೋಗುತ್ತದೆ.